ಐದರಲ್ಲೊಂದು ತುತ್ತು

ರಾಧಾ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕೋಲು ಹಾಕಿ ಮುದ್ದೆ ತೊಳಸಲು ಕೂತಿದ್ದಳಷ್ಟೇ, ಬೀದಿಬಾಗಿಲು ದಡಾರನೆ ತೆರೆದುಕೊಂಡಿತು. ಗಂಡನ ಅಕ್ಕ ಶಶಿಕಲಾ. ಊರಿನವರ್ಯಾರೋ ಎಸ್‌ಟಿಡಿ ಬೂತಿನಿಂದ, ತಾಯಿಗೆ ಊಟ ಇಕ್ಕುತ್ತಿಲ್ಲವೆಂದು ಚಾಡಿ ಮುಟ್ಟಿಸಿದ್ದರು. ತನ್ನೂರು ನಂಗವಳ್ಳಿಯಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತಾಯಿ ನಂಜಮ್ಮನ ಮೊಣಕೈ.

“ನಮ್ಮವ್ವ ಎಲ್ಲಿ ಸಿಕ್ಕಿದ್ಲು ಗೊತ್ತಾ? ಬಸ್ ಸ್ಟಾಪಿನ ಟೀ ಅಂಗಡಿ ಮುಂದೆ! ‘ಸೊಸೆ ಮುದ್ದೆ ಇಕ್ಕಿ ಮೂರು ದಿನ ಆತು, ಒಂದು ಇಡ್ಲಿ ಕೊಡಪ್ಪಾ’ ಅಂತ ಕೈಯೊಡ್ಡಿ ನಿಂತವ್ಳೆ.”

“ಎದ್ದ ತಕ್ಷಣ ಗಂಜಿ ಕುಡಿಸಿದ್ದೀನಕ್ಕಾ. ನಾನು ನೀರಿಗೆ ಓಗಿ ಬರೋದ್ರೊಳಗೆ...”

“ಒಟ್ಟೆ ತುಂಬಿದೋಳು ಬೀದಿಗೆ ಯಾಕೆ ಓಗ್ತಾಳೆ? ಇವತ್ತೇ ನಂಜೊತೆ ಕರ್ಕೊಂಡೋಗ್ತೀನಿ. ಯಾಕೆ ಅಂತ ಊರಿಗೆಲ್ಲ ಏಳೇ ಓಗ್ತೀನಿ.”

ಹನ್ನೆರಡು ವರ್ಷ ಈ ಮನೆಯಲ್ಲಿ ರಾಧಾ ಉಳಿಸಿಕೊಂಡಿದ್ದ ಹೆಸರು ಒಂದು ಇಡ್ಲಿಗೆ ಹೋಗುವುದರಲ್ಲಿತ್ತು. ಆದರೆ ತೊಳಸುವಾಗ ಕೈ ಬಿಟ್ಟರೆ ಗಂಟು ಕಟ್ಟುತ್ತದೆ. ಕಣ್ಣು ತುಂಬಿಕೊಂಡೇ ಕೋಲು ತಿರುವಿದಳು, ಕೈಗೆ ನೀರು ಮುಟ್ಟಿಸಿಕೊಂಡು ಮುದ್ದೆ ಕಟ್ಟಿದಳು, ತಟ್ಟೆಗೆ ಹುರುಳಿ ಸಾರು ಬಿಟ್ಟಳು. ಅತ್ತೆಯ ಮುಂದೆ ಇಡುವಷ್ಟರಲ್ಲಿ ಶಶಿಕಲಾ ತಟ್ಟೆ ಕಿತ್ತುಕೊಂಡಳು.

“ತತ್ತಾ ಇಲ್ಲಿ. ನಮ್ಮವ್ವಂಗೆ ನಾನೇ ಇಕ್ತೀನಿ.”

ಒಂದೊಂದೇ ತುತ್ತು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ನಂಜಮ್ಮ ಕಣ್ಣು ಮುಚ್ಚಿ ನುಂಗಿದಳು. ಇಡೀ ಮುದ್ದೆ ಮುಗಿಯಿತು. ಶಶಿಕಲಾ ಸೆರಗಿನಿಂದ ತಾಯಿಯ ಬಾಯಿ ಒರೆಸಿ, “ನೋಡ್ದಾ, ಪಾಪ, ಎಷ್ಟು ಅಸಿದಿದ್ಲು!” ಎಂದು ನಾದಿನಿಯ ಗತ್ತಿನಲ್ಲಿ ತಲೆಯೆತ್ತಿದಳು.

ನಂಜಮ್ಮ ದೊಡ್ಡದಾಗಿ ತೇಗಿದಳು. ಆಮೇಲೆ ರಾಧಾಳ ಸೆರಗು ಜಗ್ಗಿ, ಗುಟ್ಟು ಹೇಳುವವಳಂತೆ ದನಿ ತಗ್ಗಿಸಿದಳು. “ತಾಯೀ, ಈ ಯಮ್ಮ ಯಾರೋ ಕಾಣೆ. ಇಷ್ಟು ದೊಡ್ಡ ಚೀಲ ತಂದವ್ಳೆ, ನಂಗೆ ಒಂದು ತುತ್ತೂ ಇಕ್ಕಿಲ್ಲ. ನೀನಾದ್ರೂ ಇಕ್ಕವ್ವಾ.”

ಶಶಿಕಲಾಳ ಎಂಜಲು ಕೈ ಹಾಗೇ ಗಾಳಿಯಲ್ಲಿ ನಿಂತಿತು. ರಾಧಾಳಿಗೆ ಗೆದ್ದೆನೆಂದು ಅನ್ನಿಸಲೇ ಇಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು:

“ನೆನ್ನೆ ಸೇಲಂ ಡಾಕ್ಟರತ್ರ ಓಗಿದ್ವಕ್ಕಾ. ಫಾರಿನ್ ಪುಸ್ತಕದಾಗೆ ಯಾರ್ಯಾರದೋ ತಲೆ ಒಳಗಿನ ಫೋಟೋ ತೋರ್ಸಿದ್ರು. ಚೆನ್ನಾಗಿರೋರ್ದು ಕೆಂಪಗೆ, ಅಳದಿಯಾಗಿ, ಒಲೆ ಉರೀತಿರೋ ಅಂಗೆ. ಈ ಮರೆವಿನ ಕಾಯಿಲೆ ಇರೋರ್ದು ಅಲ್ಲಲ್ಲಿ ನೀಲಿ, ಕತ್ತಲು. ನಾವು ತಿನ್ನೋ ಐದು ತುತ್ತಲ್ಲಿ ಒಂದು ತುತ್ತು ತಲೆಗೇ ಬೇಕಂತೆ, ಮಲಗಿದ್ರೂ ಬೇಕಂತೆ. ಅವ್ವಂಗೆ ಉಂಡಿದ್ದು ಮೈಗೆ ಸೇರ್ತೈತೆ, ರಕ್ತದಾಗೆ ಓಡ್ತಾನೂ ಐತೆ. ತಲೆ ಮಾತ್ರ ಅದನ್ನ ಒಳಗೆ ತಗೊಂಡು ಉರಿಸಾಕೆ ಆಗ್ತಿಲ್ಲ ಅಂದ್ರು.”

“ಮಾತ್ರೆ ಕೊಡ್ನಿಲ್ವಾ?”

“ವಾಸಿ ಮಾಡೋದು ಇನ್ನೂ ಇಲ್ವಂತೆ. ಉಡುಕ್ತಾವ್ರಂತೆ.”

ಹೇಳುತ್ತ ಹೇಳುತ್ತ ರಾಧಾಳ ಮೈ ಮತ್ತೆ ಜುಮ್ಮೆಂದಿತು. ಎರಡು ಅಂಗೈಯಲ್ಲಿ ಹಿಡಿಸುವಷ್ಟು ಮೆದುಳಿಗೆ ಅಷ್ಟೊಂದು ತುತ್ತು! ಬಾಗಿಲ ಬಳಿ ಅರ್ಧ ಹೆಣೆದ ಜಡೆ ಹಿಡಿದು ನಿಂತ ಮಗಳು ಪೂಂಗೊಡಿಯನ್ನು ನೋಡಿದಳು. ಈ ಹುಡುಗಿಗೆ ಓಡಾಡಿಸಿ, ಕಾಗೆ ತೋರಿಸಿ ತಿನ್ನಿಸಿದ ತುತ್ತುಗಳೆಲ್ಲ ಈ ಪುಟ್ಟ ತಲೆಯೊಳಗೆ ಉರಿದುರಿದು ಮಾತಾಗಿದ್ದವು, ಮಗ್ಗಿಯಾಗಿದ್ದವು, ‘ಅಮ್ಮಾ’ ಎಂಬ ಕೂಗಾಗಿದ್ದವು. ತಾನು ಬರೀ ಹೊಟ್ಟೆ ತುಂಬಿಸುತ್ತಿದ್ದೇನೆ ಅಂದುಕೊಂಡಿದ್ದಳು. ಇನ್ನು ಈ ಮುದುಕಿ? ಒಳಗೆ ಅಷ್ಟು ಕತ್ತಲು ಕವಿದ ಮೇಲೂ, ಹೆತ್ತ ಮಗಳೇ ಗುರುತು ಸಿಗದ ಮೇಲೂ, ದಿನಾ ಇಕ್ಕುವ ಕೈ ಯಾವುದೆಂದು ಹುಡುಕಿ ತನ್ನ ಸೆರಗು ಹಿಡಿದಿದ್ದಳಲ್ಲ. ಅದನ್ನು ತೋರಿಸಿಕೊಟ್ಟ ಕಿಡಿ ಯಾವ ಮೂಲೆಯಲ್ಲಿ ಉಳಿದಿತ್ತೋ!

ಶಶಿಕಲಾ ತಟ್ಟೆಗೆ ಅಂಟಿದ್ದ ಮುದ್ದೆಯ ಚೂರನ್ನು ಬಾಯಿಗೆ ಹಾಕಿಕೊಂಡಳು. “ಮುದ್ದೆ ಚೆನ್ನಾಗೈತೆ ರಾಧಾ. ಒಂದು ಗಂಟಿಲ್ಲ,” ಎಂದಳು. ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದು ತಾಯಿಗೆ ಕೊಟ್ಟಳು. ಊರಿಗೆ ಕರೆದೊಯ್ಯುವ ಮಾತು ಮತ್ತೆ ಎತ್ತಲಿಲ್ಲ.

ನೆನ್ನೆ ಆ ಚಿತ್ರಗಳನ್ನು ಅಮ್ಮನ ಜೊತೆ ಪೂಂಗೊಡಿಯೂ ನೋಡಿದ್ದಳು. ಈಗ ಬಂದು ಅಜ್ಜಿಯ ನರೆತ ನೆತ್ತಿಯ ಮೇಲೆ, ಸುಡುತ್ತದೇನೋ ಎಂಬಂತೆ, ಮೆಲ್ಲಗೆ ಅಂಗೈ ಇಟ್ಟಳು.

“ಅಮ್ಮಾ, ಒಟ್ಟೆ ಅಸಿದ್ರೆ ಬಾಯಿಗೆ ಇಕ್ತೀಯ. ಅಜ್ಜಿಗೆ ತಲೆ ಅಸಿದೈತಲ್ಲ, ಎಲ್ಲಿಗಮ್ಮಾ ಇಕ್ಕೋದು?”