ವಾಲ್ವಿನ ಮೇಲಿನ ರಸ್ತೆ

ಮೂರನೆಯ ದಿನವೂ ನಳ ಬರೀ ಕೆಮ್ಮಿ ಸುಮ್ಮನಾದಾಗ ದಾಕ್ಷಾಯಿಣಿ ಕೈಯಲ್ಲಿದ್ದ ತಂಬಿಗೆಯಿಂದಲೇ ಅದರ ತಲೆಗೆ ಒಂದೇಟು ಹಾಕಿದಳು. ತಂಬಿಗೆಗೆ ತಗ್ಗು ಬಿತ್ತು, ನಳಕ್ಕೇನೂ ಆಗಲಿಲ್ಲ. ಗಂಟೆ ಹನ್ನೊಂದಾಗಿತ್ತು. ಒಳಗೆ ಅತ್ತೆ ಬಾಳವ್ವ ಮಣೆಯ ಮೇಲೆ ಕುಳಿತು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಾಯುತ್ತಿದ್ದಳು. ವಿಭೂತಿ ಇತ್ತು, ಪತ್ರಿ ಇತ್ತು, ನೀರಿರಲಿಲ್ಲ. ಪೂಜೆಯಾಗದೆ ಬಾಳವ್ವ ಏನನ್ನೂ ಬಾಯಿಗಿಡುವವಳಲ್ಲ. ಉಣ್ಣದೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವಂತಿಲ್ಲ. ಹಂಡೆಯ ತಳದಲ್ಲಿ ಉಳಿದಿದ್ದ ನೀರಿನಿಂದ ಮೊದಲೆರಡು ದಿನ ಪೂಜೆ ನಡೆದಿತ್ತು, ಇವತ್ತು ಅದೂ ತೀರಿತ್ತು.

ಅಂಗಡಿಯಿಂದ ತಂದ ಕ್ಯಾನಿನ ನೀರನ್ನು ದಾಕ್ಷಾಯಿಣಿ ಎರಡು ಸಲ ಮುಂದಿಟ್ಟು ನೋಡಿದಳು. ಪಕ್ಕದ ಓಣಿಯಿಂದ ಒಂದು ಕೊಡ ಕೇಳಿ ತರುತ್ತೇನೆಂದಳು. ಬಾಳವ್ವ ಎಲ್ಲಕ್ಕೂ ತಲೆ ಅಲ್ಲಾಡಿಸಿದಳು.

“ಕೊಂಡ ನೀರು ಕುಡಿಯಾಕ ನಡೀತೈತಿ. ಲಿಂಗಕ್ಕ ಕೊಂಡದ್ದು ಬ್ಯಾಡ, ಬೇಡಿದ್ದೂ ಬ್ಯಾಡ. ನಮ್ಮ ಪಾಲಿಗೆ ಹರದು ಬಂದದ್ದು ಬೇಕವಾ.”

“ನಳ ಏನ್ ಹೊಳಿ ಏನ್ರಿ ಅತ್ತಿ, ಹರದು ಬರಾಕ?”

“ಮಲಪ್ರಭಾದಿಂದ ಬರ್ತೈತೋ ಇಲ್ಲೋ? ಹಂಗಾರ ಹೊಳಿನ.”

ದಾಕ್ಷಾಯಿಣಿಗೆ ಅತ್ತೆಗಿಂತ ತನ್ನ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು. ಮಾಳಮಡ್ಡಿಯ ಈ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲದಲ್ಲಿ ಮನೆಯ ಪೂಜೆ ಒಂದು ದಿನವೂ ತಪ್ಪಿರಲಿಲ್ಲ. ಹಂಡೆ, ಡ್ರಮ್ಮು, ಅಂಗಳದ ನೆಲದಡಿಯ ಟಾಕಿ ಎಲ್ಲ ತುಂಬಿರುತ್ತಿದ್ದವು. ವಾಲ್ವ್ ತಿರುವುವ ಗುಲಾಬಸಾಬ ನೀರು ಬಿಡುವ ಮೊದಲು ಅವಳ ಫೋನಿಗೊಂದು ಮಿಸ್ಡ್ ಕಾಲ್ ಕೊಡುತ್ತಿದ್ದ. ಅವಳು ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೂಗಿ ಹೇಳುತ್ತಿದ್ದಳು. ಯುಗಾದಿಯ ಹೊತ್ತಿಗೆ ಇಪ್ಪತ್ನಾಲ್ಕು ತಾಸೂ ನೀರು ಬರತೊಡಗಿತು. ಊರು ಬೆಳೆಯಿತೆಂದು ಅವಳು ನಂಬಿಯೇ ಬಿಟ್ಟಳು. ಡ್ರಮ್ಮುಗಳನ್ನು ಗುಜರಿಗೆ ಹಾಕಿದಳು. ಟಾಕಿಗೆ ಮಣ್ಣು ತುಂಬಿಸಿ, ಸ್ಕೂಟರ್ ನಿಲ್ಲಿಸಲು ಫರಸಿ ಕಲ್ಲು ಹಾಸಿಸಿದಳು. ಇನ್ನು ಮಿಸ್ಡ್ ಕಾಲ್ ಬೇಡವೆಂದು ಗುಲಾಬಸಾಬನಿಗೆ ಹೇಳಿಯೂ ಬಿಟ್ಟಳು.

ಮೂರು ದಿನದ ಹಿಂದೆ ಓಣಿಯ ಬಾಯಲ್ಲಿ ಕಾಂಕ್ರೀಟ್ ರಸ್ತೆ ಹಾಕಿದರು. ಅಂದೇ ನೀರು ನಿಂತಿತು. ದೂರು ಹೇಳಲು ಫೋನ್ ಮಾಡಿದರೆ ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ, ನಿಮ್ಮ ಓಣಿಯಲ್ಲಿ ನೀರು ಹರಿಯುತ್ತಿದೆ ಎಂದು ಕಂಪ್ಯೂಟರ್ ತೋರಿಸುತ್ತಿದೆ ಎಂದಳು.

“ಹಂಗಾರ ಆ ಕಂಪ್ಯೂಟರಿನ ಬಾಯಿಗೆ ಒಂದ್ ಕೊಡ ಹಿಡೀರಿ, ತುಂಬಿದ ಮ್ಯಾಲೆ ಹೇಳ್ರಿ, ಬಂದು ಒಯ್ತೇನಿ,” ಎಂದು ದಾಕ್ಷಾಯಿಣಿ ಫೋನ್ ಇಟ್ಟಳು. ಅತ್ತ ಹೊಸ ರಸ್ತೆ ಬಿರುಕು ಬಿಡದಿರಲೆಂದು ಅದರ ಮೇಲೆ ಗೋಣಿತಟ್ಟು ಹಾಸಿ, ದಿನಕ್ಕೆರಡು ಸಲ ಟ್ಯಾಂಕರಿನಿಂದ ನೀರು ಕುಡಿಸುತ್ತಿದ್ದರು.

ಕೊನೆಗೆ ನಾಚಿಕೆ ಬಿಟ್ಟು ಗುಲಾಬಸಾಬನಿಗೇ ಫೋನ್ ಮಾಡಿದಳು. ಈಗ ಅವನನ್ನು ನೀರಿನ ಟಾಕಿಯೊಂದರ ಕಾವಲಿಗೆ ಕೂರಿಸಿದ್ದರು. ಅರ್ಧ ತಾಸಿನಲ್ಲಿ ಬಂದ. ವಾಲ್ವ್ ತಿರುವುವ ಆಳೆತ್ತರದ ಕಬ್ಬಿಣದ ಕೀಲಿ ಅವನ ಸೈಕಲ್ಲಿಗೆ ಇನ್ನೂ ಕಟ್ಟಿಕೊಂಡೇ ಇತ್ತು. ಮೂಲೆಯ ಮನೆಯ ಗೋಡೆಯಿಂದ ಏಳು ಹೆಜ್ಜೆ ಎಣಿಸಿ, ಗೋಣಿತಟ್ಟು ಸರಿಸಿ ನಿಂತ.

“ಇಲ್ಲೈತ್ರಿ ಅಕ್ಕಾರ, ನಿಮ್ಮ ಓಣಿ ವಾಲ್ವ್. ರಸ್ತಿ ಮಾಡೂ ಮುಂದ ಬಂದ್ ಮಾಡ್ಯಾರ. ತಗಿಯೂದು ಮರತು ಮ್ಯಾಲೆ ಕಾಂಕ್ರೀಟ್ ಸುರುವ್ಯಾರ.”

ಒಡೆದುಬಿಡಿ ಎಂದಳು ದಾಕ್ಷಾಯಿಣಿ. ಹೊಸ ರಸ್ತೆಗೆ ಕೈ ಹಚ್ಚಲು ಮೂರು ಕಚೇರಿಯ ಪರವಾನಗಿ ಬೇಕು, ಅದರಲ್ಲಿ ಒಂದು ಹುಬ್ಬಳ್ಳಿಯಲ್ಲಿದೆ, ಇವತ್ತು ಎರಡನೇ ಶನಿವಾರ ಎಂದ ಗುಲಾಬಸಾಬ. ಹಾಗೆನ್ನುತ್ತಲೇ ಕೀಲಿಯ ಒಂದು ತುದಿಯನ್ನು ಕಾಂಕ್ರೀಟಿಗೆ ಊರಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ನೆಲದೊಳಗಿನ ಸೋರಿಕೆಯನ್ನು ಅವನು ಹುಡುಕುತ್ತಿದ್ದುದೇ ಹೀಗೆ. ದಾಕ್ಷಾಯಿಣಿಗೆ ತಾಳ್ಮೆ ಉಳಿದಿರಲಿಲ್ಲ.

“ಏನ್ ಅದರ ನಾಡಿ ನೋಡಾಕತ್ತೀರಿ?”

“ನೀರು ಐತ್ರಿ. ದೊಡ್ಡ ಪೈಪಿನ್ಯಾಗ ತುಂಬಿ ಹೊಂಟೈತಿ. ನಿಮ್ಮ ಓಣಿಗೆ ಹೊಳ್ಳವಲ್ದು, ಅಷ್ಟ.”

“ಎಲ್ಲಿ, ನನಗೊಮ್ಮೆ ಕೇಳಸಪಾ.”

ಇಬ್ಬರೂ ತಿರುಗಿ ನೋಡಿದರು. ಬಾಳವ್ವ ಗೋಡೆ ಹಿಡಿದುಕೊಂಡು ಅಲ್ಲಿಯವರೆಗೆ ಬಂದಿದ್ದಳು. ಅಂಗೈಯ ಲಿಂಗದ ಮೇಲೆ ಸೆರಗು ಮುಚ್ಚಿತ್ತು. ದಾಕ್ಷಾಯಿಣಿ ಗೊಣಗುತ್ತಲೇ ಪ್ಲಾಸ್ಟಿಕ್ ಕುರ್ಚಿ ತಂದು ಒದ್ದೆ ತಟ್ಟಿನ ಮೇಲೆ ಇಟ್ಟಳು. ಬಾಳವ್ವ ಕುಳಿತು ಕೀಲಿಗೆ ಕಿವಿ ಹಚ್ಚಿದಳು. ಆಮೇಲೆ ಅವಳ ತುಟಿ ಆಡತೊಡಗಿತು. ಕಿವಿ ತೆಗೆಯದೆಯೇ ಸೆರಗು ಸರಿಸಿ, ಸೊಂಟದ ಚೀಲದಿಂದ ವಿಭೂತಿ ತೆಗೆದು ಲಿಂಗಕ್ಕೆ ಹಚ್ಚಿದಳು, ಪತ್ರಿಯಿಟ್ಟಳು. ರಸ್ತೆಗೆ ನೀರು ಕುಡಿಸುವ ಟ್ಯಾಂಕರ್ ಬಂದು ಎದುರಿಗೆ ನಿಂತು ಹಾರ್ನ್ ಹೊಡೆಯಿತು. ಗುಲಾಬಸಾಬ ಒಂದು ಕೈಯಿಂದ ಕೀಲಿ ಅಲುಗದಂತೆ ಹಿಡಿದು, ಇನ್ನೊಂದು ಕೈಯನ್ನು ಡ್ರೈವರನತ್ತ ಎತ್ತಿದ.

ದಾಕ್ಷಾಯಿಣಿ ಒಳಗೆ ಓಡಿ ರೊಟ್ಟಿ, ಗುಳಿಗೆ, ಕ್ಯಾನಿನಿಂದ ಬಗ್ಗಿಸಿದ ನೀರು ತಂದಳು. ಬಾಳವ್ವ ಕಣ್ಣು ತೆರೆದು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಕುಳಿತಲ್ಲೇ ಅರ್ಧ ರೊಟ್ಟಿ ತಿಂದು ಗುಳಿಗೆ ನುಂಗಿದಳು. ಎಂಜಲು ತಾಟನ್ನು ಸೊಸೆಯ ಕೈಗೆ ಕೊಡುತ್ತ, “ಲಿಂಗಕ್ಕ ಸಪ್ಪಳ ಸಾಕಾತವಾ,” ಎಂದಳು. “ಭಾಂಡಿ ತಿಕ್ಕಾಕ ಏನ್ ಮಾಡ್ತಿ?”