ಸವಾರ ಬೇಕಾಗಿದ್ದಾನೆ

ಹೆಲ್ಮೆಟ್ಟನ್ನು ಆಲೂಗಡ್ಡೆ ಚೀಲದ ಹಿಂದೆ ತುರುಕಿ ವಿಲ್ಕೋ ತಲೆಯೆತ್ತುವಷ್ಟರಲ್ಲಿ ಅವನ ಹೆಂಡತಿ ಹೈಕೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿಗೆ ಹೋಗಿದ್ದೆ?”

“ಸಮುದ್ರದ ಒಡ್ಡಿನ ಮೇಲೆ. ವಾಕಿಂಗು.”

“ಒಡ್ಡಿನ ಗಾಳಿ ಕೂದಲನ್ನ ಎಬ್ಬಿಸುತ್ತೆ ಕಣೋ. ನಿನ್ನದು ಹಸು ನೆಕ್ಕಿದ ಹಾಗೆ ಮಲಗಿದೆ.”

ವಿಲ್ಕೋ ತಲೆ ಸವರಿಕೊಂಡ. ಮದುವೆಯಾದಾಗಿನಿಂದ ಇದ್ದ ಗಡ್ಡವನ್ನು ಅವನು ಈ ವಸಂತದಲ್ಲಿ ಬೋಳಿಸಿದ್ದ. ಹೈಕೆ ಅಂದೇ ಅರ್ಧ ಊಹಿಸಿದ್ದಳು. ಉಳಿದರ್ಧ ಈಗ ಚೀಲದ ಹಿಂದೆ ಕಾಣಿಸುತ್ತಿತ್ತು.

“ಹಾಲಿನ ಲಾರಿ ಓಡಿಸೋದು ಬಿಟ್ಟ ಮೇಲೆ ಮನೇಲಿ ಇರ್ತೀಯ, ಮಕ್ಕಳಿಗೆ ಅಪ್ಪ ಅಂತ ಒಬ್ಬ ಸಿಗ್ತಾನೆ ಅಂದ್ಕೊಂಡಿದ್ದೆ. ಹೋಗಲಿ, ಅವಳ ಹೆಸರಾದ್ರೂ ಹೇಳು.”

ಸುತ್ತಲ ಊರುಗಳ ಅಷ್ಟೂ ಹೆಂಗಸರ ಹೆಸರುಗಳಲ್ಲಿ ಆ ಒಂದು ಹೆಸರನ್ನು ಮಾತ್ರ ಈ ಮನೆಯಲ್ಲಿ ಆಡುವಂತಿರಲಿಲ್ಲ.

“ನೀನಂದುಕೊಂಡ ಹಾಗಲ್ಲ,” ಎಂದ. ಎಲ್ಲ ಗಂಡಂದಿರೂ ಅನ್ನುವುದು ಅದನ್ನೇ.

ಬೈಕಿನವರು ಸೇರುವ ಹೋಟೆಲಿನ ಗೋಡೆಗೆ ವಸಂತದ ಶುರುವಿನಲ್ಲಿ ಒಂದು ಚೀಟಿ ಅಂಟಿತ್ತು. ‘ಸವಾರ ಬೇಕಾಗಿದ್ದಾನೆ. ಬೈಕು ನನ್ನ ಮಗನದು. ಹಿಂದೆ ನಾನು ಕೂರುತ್ತೇನೆ. ಸ್ಟೆಲ್ವಿಯೊ ರಾಷ್ಟ್ರೀಯ ಉದ್ಯಾನದವರೆಗೆ.’ ಕೆಳಗೆ ಆಲ್ಮೂಟ್ ಎಂಬ ಹೆಸರು, ಪಕ್ಕದ ಊರು. ಜರ್ಮನಿಯ ಈ ಉತ್ತರ ತುದಿಯಿಂದ ಇಟಲಿಯ ಬೆಟ್ಟದ ನೆತ್ತಿಗೆ, ಅದೂ ಅಮ್ಮನ ವಯಸ್ಸಿನವಳನ್ನು ಕೂರಿಸಿಕೊಂಡು ಎಂದು ಹುಡುಗರು ನಕ್ಕರು. ವಿಲ್ಕೋ ನಗಲಿಲ್ಲ. ಬಿಯರ್ ಮುಗಿಸದೆ ಎದ್ದು ಚೀಟಿಯನ್ನು ಕಿತ್ತು ಜೇಬಿಗಿಳಿಸಿದ. ಮರುದಿನ ಗಡ್ಡ ಹೋಯಿತು.

ಬೈಕಿನವರ ನಡುವೆ ಬಹುವಚನವಿಲ್ಲ. ವೈದ್ಯನಾದರೂ ಪಾದ್ರಿಯಾದರೂ ಸೀಟಿನ ಮೇಲೆ ಕೂತ ಕೂಡಲೇ ‘ನೀನು’. ಹಾಗೆ ಕರೆದುಕೊಳ್ಳುವವರು ಮನೆತನದ ಹೆಸರು ಕೇಳುವುದೂ ಇಲ್ಲ. ವಿಲ್ಕೋ ಅಂದರೆ ವಿಲ್ಕೋ, ಅಷ್ಟೇ. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ. ಆದರೆ ಹಾಳು ನಾಲಿಗೆ ಕೇಳಬೇಕಲ್ಲ.

“ಕಾಸೆಲ್ ದಾಟೋವರೆಗೆ ಹೆದ್ದಾರಿ,” ಎಂದ ಆಲ್ಮೂಟಳ ಅಡುಗೆಮನೆಯಲ್ಲಿ, ನಕಾಶೆಯ ಮೇಲೆ ಬೆರಳಿಟ್ಟು. ಅಂದಿನ ಅಭ್ಯಾಸದ ಸವಾರಿ ಮುಗಿದಿತ್ತು, ಹೊರಡುವುದು ನಾಳೆ. “ಅಲ್ಲಿಂದ ಸಣ್ಣ ದಾರಿ ಹಿಡಿದ್ರೆ ನಿಮಗೆ ಬೆನ್ನು ನೋಯಲ್ಲ.”

“ಮತ್ತೆ ‘ನಿಮಗೆ’. ನಾನೇನು ತೆರಿಗೆ ಕಚೇರಿಯವಳಾ? ಬೈಕ್ ಮೇಲಿದ್ದಾಗ ನನ್ನ ಕೈ ನಿನ್ನ ಸೊಂಟದ ಸುತ್ತ ಇರುತ್ತೆ. ಇಳಿದ ಕೂಡಲೇ ನೀವು, ತಾವು.”

“ತಪ್ಪಾಯ್ತು.”

“ದಿನಕ್ಕೆ ಎಷ್ಟು ಸಲ ಅಂತೀಯೋ ಅದನ್ನ.”

ನಕಾಶೆಯ ಮೇಲಿನ ಪೆನ್ಸಿಲ್ ಗೆರೆ ಅವಳ ಒಬ್ಬನೇ ಮಗ ಯೆಲ್ಟೋ ಎಳೆದದ್ದು. ಮುಂದಿನ ವರ್ಷ ಅಮ್ಮನನ್ನೂ ಕರೆದೊಯ್ಯುತ್ತೇನೆ ಎಂದಿದ್ದ. ಮುಂದಿನ ವರ್ಷ ಬಂತು, ಅವನಿರಲಿಲ್ಲ.

“ನಮ್ಮಲ್ಲಿ ಬೆಟ್ಟ ಅಂದ್ರೆ ಒಡ್ಡು, ಕಾಡುಪ್ರಾಣಿ ಅಂದ್ರೆ ಕುರಿ. ಸಾಯೋದರೊಳಗೆ ನಿಜವಾದ್ದನ್ನ ನೋಡು ಅಂತ ನನಗೆ ಹೇಳ್ತಿದ್ದ,” ಎಂದು ಆಲ್ಮೂಟ್ ಚಹಾಪುಡಿಯ ಡಬ್ಬಿಯನ್ನು ಬೈಕಿನ ಚೀಲಕ್ಕೆ ತುರುಕಿದಳು. “ನೀರು ಗಡುಸಂತೆ ಅಲ್ಲಿ. ಚಹಾ ಕೆಟ್ಟರೆ ವಾಪಸ್ ಬಂದುಬಿಡೋಣ.”

ವಿಲ್ಕೋ ನಗಬೇಕಿತ್ತು. ನಕ್ಕರೆ ಮೋಸ, ನಗದಿದ್ದರೆ ಅನುಮಾನ. ಈ ಮನೆಯಲ್ಲಿ ಅವನಿಗೆ ಯಾವುದೂ ಸಲೀಸಾಗಿರಲಿಲ್ಲ. ಸಿಕ್ಕಿಬಿದ್ದರೆ ಎಲ್ಲ ಮುಗಿಯಿತು. ಪ್ರವಾಸವೂ ಇಲ್ಲ, ಈ ಮೇಜೂ ಇಲ್ಲ.

“ಇವತ್ತೂ ಗಮನಿಸಿದೆ,” ಎಂದಳು ಅವಳು. “ಬಲಕ್ಕೆ ತಿರುಗೋವಾಗೆಲ್ಲ ಎರಡೆರಡು ಸಲ ಹಿಂದೆ ನೋಡ್ತೀಯ. ಯಾರು ಬರ್ತಾರೆ ಅಂತ? ಹೆಂಡತೀನಾ?”

ಅವನು ನಕಾಶೆಯನ್ನು ಮಡಚಿದ.

“ಅವಳಿಗೆ ಹೇಳಿದ್ದೀಯಾ, ನನ್ನ ವಿಷಯ?”

“ಇಲ್ಲ.”

“ಹೇಳಿಬಿಡು. ಹೇಳದೆ ಇಟ್ಕೊಂಡಿದ್ದು ಬೆಟ್ಟ ಹತ್ತೋವಾಗ ಭಾರ ಆಗುತ್ತೆ.”

ಈಗಲೇ ಹೇಳಿಬಿಡಬೇಕು ಅನ್ನಿಸಿತು ಅವನಿಗೆ. ಹೆಂಡತಿಗಲ್ಲ, ಇವಳಿಗೆ. ಬಾಯಿ ತೆರೆದ. ಆಮೇಲೆ ಎದ್ದು ಹೋಗುವುದೇ ಮೇಲೆಂದು ಚಮಚವನ್ನು ಕಪ್ಪಿನಲ್ಲಿ ನಿಲ್ಲಿಸಿದ. ಈ ಕಡೆ ಅದರರ್ಥ ಸಾಕು, ಇನ್ನು ಬಗ್ಗಿಸಬೇಡ ಎಂದು. ಹಾಗೆ ನಿಲ್ಲಿಸಿದ ಚಮಚವನ್ನು ಯಾರೂ ಮುಟ್ಟುವುದಿಲ್ಲ.

ಆಲ್ಮೂಟ್ ಅದನ್ನು ಎತ್ತಿ ಬಸಿಯಲ್ಲಿಟ್ಟು, ಕಪ್ಪನ್ನು ಮತ್ತೆ ತುಂಬಿದಳು.

“ಕೂತ್ಕೋ. ಕೋಣೆ ಗೊತ್ತು ಮಾಡೋದಿದೆ.”

ಅವಳು ಫೋನೆತ್ತಿ ಬೆಟ್ಟದ ಬುಡದ ವಸತಿಗೃಹಕ್ಕೆ ಕರೆ ಮಾಡಿದಳು. ಎರಡು ಕೋಣೆ ಎಂದಳು. ಅತ್ತ ಕಡೆಯ ಮುದುಕನ ದನಿ ವಿಲ್ಕೋನವರೆಗೂ ಕೇಳಿಸಿತು. ಗಂಡಹೆಂಡತಿಗೆ ಒಂದೇ ಸಾಲದೇ ಅಮ್ಮಾ, ಯಜಮಾನರ ಹೆಸರೇನು?

“ಯಜಮಾನರಲ್ಲ. ಬರ್ಕೊಳ್ಳಿ, ವಿಲ್ಕೋ ಐಲರ್ಸ್,” ಎಂದು, ಅವನು ಅವಳಿಗೆ ಎಂದೂ ಹೇಳಿರದ ಮನೆತನದ ಹೆಸರನ್ನು ಆಲ್ಮೂಟ್ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. “ನನ್ನ ಮಗನ ಸೈಕಲ್ಲು ಇವರ ಹಾಲಿನ ಲಾರಿ ಕೆಳಗೆ ಸಿಕ್ಕಿತ್ತು. ಹ್ಞಾಂ, ಸರಿಯಾಗೇ ಕೇಳಿಸ್ಕೊಂಡ್ರಿ. ಬೆಳಗಿನ ತಿಂಡಿ ಇಬ್ಬರಿಗೂ ಒಂದೇ ಮೇಜಿನಲ್ಲಿ ಇಡಿ.”