ಗ್ಲಿಸರಿನ್ ಬಾಟಲಿ

ಇ-ಸಿಗರೇಟಿಗೆ ತುಂಬುವ ದ್ರವವನ್ನು ಮನೆಯಲ್ಲೇ ತಯಾರಿಸುವುದನ್ನು ಅವನು ಹೊಸದಾಗಿ ಕಲಿಯುತ್ತಿದ್ದ. ವಿಡಿಯೋದಲ್ಲಿ ಹೇಳಿದಂತೆ ಕೈಗವಸು ಹಾಕಿಕೊಂಡು, ಸಿರಿಂಜು ಎತ್ತಿಟ್ಟು, ಅಡುಗೆಮನೆಯ ಕಪಾಟು ತೆರೆದವನು ಅಲ್ಲಿಂದಲೇ ಕಿರುಚಿದ.

“ಈ ಬಾಟಲಿ ಯಾಕೆ ಅರ್ಧ ಖಾಲಿಯಾಗಿದೆ? ಮತ್ತೆ ಸಿಂಕಿಗೆ ಸುರಿದೆಯಾ?”

ಹೆಂಡತಿ ಕೇಕಿನ ತಟ್ಟೆಗಳನ್ನು ತಿಕ್ಕುತ್ತಿದ್ದಳು. “ಕಿರುಚಬೇಡ. ಸಿಗರೇಟು ಬಿಡ್ತೀನಿ ಅಂದೋನು ನನ್ನ ಅಡುಗೆಮನೇನೇ ಹೊಗೆ ಕಾರ್ಖಾನೆ ಮಾಡಿದೆ. ನನ್ನ ತಕ್ಕಡಿ ನಿಂದು, ನನ್ನ ವೆನಿಲ್ಲಾ ಎಸೆನ್ಸ್ ನಿಂದು. ಈಗ ನನ್ನ ಗ್ಲಿಸರಿನ್ನೂ ನಿಂದೇನಾ?”

“ಅದು ಗ್ಲಿಸರಿನ್ ಅಲ್ಲ ಕಣೇ! ನಾನು ತರಿಸಿದ ಡಬ್ಬಿ ಸೋರ್ತಿತ್ತು, ನಿನ್ನ ಗ್ಲಿಸರಿನ್ನಿನ ಖಾಲಿ ಬಾಟಲಿಗೆ ತುಂಬಿಸಿಟ್ಟಿದ್ದೆ. ಏನೂ ಬೆರೆಸದ ನಿಕೋಟಿನ್ ದ್ರವ ಅದು!”

“ಒಂದು ಚೀಟಿ ಅಂಟಿಸೋಕೆ ನಿಂಗೇನು ರೋಗ?”

“ನನ್ನ ಸಾಮಾನು ಮುಟ್ಟೋಕೆ ನಿಂಗೇನು ರೋಗ? ಕೈ ತೋರಿಸು ಇಲ್ಲಿ, ಉರೀತಿದೆಯಾ? ಮೈಗೆ ತಾಗಿದ್ರೇನೇ ಕಷ್ಟ, ಚೂರು ಹೊಟ್ಟೆಗೆ ಹೋದ್ರೆ ಮನುಷ್ಯ ಉಳಿಯಲ್ಲ!”

ಅವಳು ನಲ್ಲಿ ನಿಲ್ಲಿಸಿದಳು. ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

“ನಾನು ಸಿಂಕಿಗೆ ಸುರೀಲಿಲ್ಲ.”

“ಮತ್ತೆ ಎಲ್ಲಿಗೆ ಸುರಿದೆ? ಬಾಯಿ ಬಿಡು!”

“ಕೇಕಿನ ಮೇಲಿನ ಸಕ್ಕರೆ ಹೊದಿಕೆ ಒಡೀದೆ ಮೆತ್ತಗಿರಲಿ ಅಂತ ಗ್ಲಿಸರಿನ್ ಹಾಕಿ ಮೆಶೀನಲ್ಲಿ ನಾದ್ತೀನಲ್ಲ.”

“ಯಾವ ಕೇಕು?”

“ನಿನ್ನ ತಂಗಿ ಪಾಪು ಹುಟ್ಟುಹಬ್ಬದ್ದು,” ಎಂದಳು. “ಸಂಜೆ ನೀನೇ ಹೋಗಿ ಅವಳ ಕೈಗೆ ಕೊಟ್ಟು ಬಂದೆಯಲ್ಲ, ಅದು.”